ಕೆರೆಯಂಚಿನ ಜೇಕು ಮತ್ತು ಅದರ ಉಪಕಾರ



ಕೆರೆಯ ಅಂಗಳದಲ್ಲಿ, ಕಾಲುವೆಯ ಬದಿಯಲ್ಲಿ, ಹಳ್ಳದ ಮಡುವಿನ ಅಂಚಿನಲ್ಲಿ ಸೊಂಟದೆತ್ತರಕ್ಕೆ ಒತ್ತಾಗಿ ಬೆಳೆದು ನಿಲ್ಲುವ ಜೇಕನ್ನು ಕಾಣದ ಒಕ್ಕಲಿಗನಿಲ್ಲ. ಆದರೆ ಅದರ ಬಗ್ಗೆ ಒಳ್ಳೆಯ ಮಾತನಾಡುವವರು ಅಪರೂಪ. ದನ ಅದನ್ನು ಹಸಿವಾದರೆ ಮಾತ್ರ ಮುಟ್ಟುತ್ತದೆ. ಗದ್ದೆಗೆ ಬಂದ ಅದರ ನೆಂಟರು ಕಳೆಯಾಗಿ ಕಾಡುತ್ತಾರೆ. ಹೀಗಾಗಿ ಜೇಕು ಎಂದೊಡನೆ ಕಿತ್ತೊಗೆಯತಕ್ಕ ವಸ್ತುವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ.

ಈ ಪ್ರಶ್ನೆಯನ್ನು ಈಗ ಎತ್ತಿಕೊಳ್ಳಲು ಕಾರಣವುಂಟು. ನಾವು ಗಡಿಯಾಚೆಯ ಯಾವ ರಾಜ್ಯದಲ್ಲಿದ್ದರೂ ಕಳೆದ ಕೆಲವು ವರ್ಷಗಳಿಂದ ಕೆರೆಗಳ ಹೂಳೆತ್ತುವ ಕೆಲಸ ಭರದಿಂದ ಸಾಗಿದೆ. ತೆಲಂಗಾಣದಲ್ಲಿ 2015ರಲ್ಲಿ ಮಿಷನ್ ಕಾಕತೀಯ ಕಾಮಗಾರಿ ಮೊದಲಾಯಿತು. ಅದೇ ವರ್ಷ ಆಂಧ್ರದಲ್ಲಿ ನೀರು–ಚೆಟ್ಟು ಎಂಬ ಕಾರ್ಯಕ್ರಮ ಬಂದಿತು. ತಮಿಳುನಾಡಿನಲ್ಲಿ ಹಿಂದಿನ ಕುಡಿಮರಾಮತ್ತು ಪದ್ಧತಿಗೆ 2017ರಲ್ಲಿ ಮತ್ತೆ ಜೀವ ಕೊಟ್ಟರು. ಮಹಾರಾಷ್ಟ್ರದಲ್ಲಿ ಅದೇ ವರ್ಷ ಹೂಳನ್ನು ಕೆರೆ ಕಟ್ಟೆಗಳಿಂದ ತೆಗೆದು ಹೊಲಕ್ಕೆ ಹಾಕುವ ಯೋಜನೆ ಆರಂಭವಾಯಿತು. ಹೂಳು ತೆಗೆಯುವುದು ಒಳ್ಳೆಯದೇ. ಆದರೆ ಎತ್ತಿನ ಗಾಡಿ, ಸಲಿಕೆ, ಮಂಕರಿಗಳ ಕಾಲದಲ್ಲಿ ವರ್ಷಕ್ಕಿಷ್ಟು ಎಂದು ಆಗುತ್ತಿದ್ದ ಕೆಲಸ ಈಗ ಯಂತ್ರದಿಂದ ನಾಲ್ಕು ದಿನದಲ್ಲಿ ಮುಗಿಯುತ್ತದೆ. ಯಂತ್ರಕ್ಕೆ ಹೂಳು ಯಾವುದು, ಅಂಚು ಯಾವುದು ಎಂಬ ಭೇದವಿಲ್ಲ. ಅದನ್ನು ತಿಳಿದು ಹೇಳಬೇಕಾದವರು ಊರಿನವರು. ಹೇಳಬೇಕಾದರೆ ಜೇಕು ಎಂದರೇನು, ಅದು ಅಲ್ಲಿ ನಿಂತು ಮಾಡುವ ಕೆಲಸವೇನು ಎಂಬುದು ಮೊದಲು ಗೊತ್ತಿರಬೇಕು.

ಹುಲ್ಲಲ್ಲ, ಜೇಕು

ನೋಡಲು ಹುಲ್ಲಿನಂತಿದ್ದರೂ ಜೇಕು ಹುಲ್ಲಿನ ಕುಲಕ್ಕೆ ಸೇರಿದುದಲ್ಲ. ರಾಗಿ, ಭತ್ತ, ಜೋಳ, ಕಬ್ಬು, ಗರಿಕೆ ಇವೆಲ್ಲ ಹುಲ್ಲಿನ ಕುಲದವು. ಜೇಕಿನದು ಬೇರೆಯೇ ಒಂದು ದೊಡ್ಡ ಕುಟುಂಬ. ಜಗತ್ತಿನಲ್ಲಿ ಈ ಕುಟುಂಬದ ಸುಮಾರು 5,500 ಜಾತಿಗಳನ್ನು ಸಸ್ಯಶಾಸ್ತ್ರಜ್ಞರು ಗುರುತಿಸಿದ್ದಾರೆ. ಪುರಾತನ ಈಜಿಪ್ಟಿನವರು ಬರೆಯುವ ಹಾಳೆಯನ್ನು ಮಾಡುತ್ತಿದ್ದ ಪಪೈರಸ್ ಗಿಡ ಕೂಡ ಜೇಕಿನ ಒಡಹುಟ್ಟೇ.

ಹುಲ್ಲಿಗೂ ಜೇಕಿಗೂ ಇರುವ ಭೇದವನ್ನು ಶಾಲೆಯ ಮಕ್ಕಳು ಸಹ ಕೈಯಲ್ಲಿ ಹಿಡಿದು ಕಂಡುಕೊಳ್ಳಬಹುದು.

1. ಒಂದು ದಂಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಉರುಳಿಸಿ. ಹುಲ್ಲಿನ ದಂಟು ದುಂಡಗಿದ್ದು ಸಲೀಸಾಗಿ ಉರುಳುವುದು. ಜೇಕಿನದಕ್ಕೆ ಸಾಮಾನ್ಯವಾಗಿ ಮೂರು ಅಂಚುಗಳಿದ್ದು ಬೆರಳಿಗೆ ತಡೆಯುವುದು.

2. ಹುಲ್ಲಿನ ದಂಟಿನಲ್ಲಿ ಕಬ್ಬಿನಂತೆ ಗಿಣ್ಣುಗಳಿರುತ್ತವೆ. ಜೇಕಿನ ದಂಟಿನಲ್ಲಿ ಬುಡದಿಂದ ಹೂವಿನ ತನಕ ಗಿಣ್ಣು ಕಾಣುವುದಿಲ್ಲ.

3. ಹುಲ್ಲಿನ ದಂಟು ಬಹುಮಟ್ಟಿಗೆ ಟೊಳ್ಳು. ಜೇಕಿನ ದಂಟಿನೊಳಗೆ ಬೆಂಡಿನಂಥ ತಿರುಳು ತುಂಬಿರುತ್ತದೆ.

4. ಹುಲ್ಲಿನ ಎಲೆಗಳು ಎರಡು ಸಾಲಿನಲ್ಲಿ ಎಡಕ್ಕೊಂದು ಬಲಕ್ಕೊಂದು ಬರುತ್ತವೆ. ಜೇಕಿನವು ಮೂರು ಸಾಲಿನಲ್ಲಿ. ಹುಲ್ಲಿನ ಎಲೆಯ ಒರೆಯನ್ನು ಉಗುರಿನಿಂದ ಬಿಡಿಸಬಹುದು. ಜೇಕಿನ ಒರೆ ಸುತ್ತಲೂ ಕೂಡಿಕೊಂಡಿರುವುದರಿಂದ ಹರಿಯದೆ ಬಿಡಿಸಲಾಗದು.

ಈ ಕುಟುಂಬದಲ್ಲಿ ನಾವು ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಚಾಪೆ ಹೆಣೆಯಲು ಬಳಸುವ ಜೇಕನ್ನು ಕುರಿತು. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಸೈಪರಸ್ ಪ್ಯಾಂಗೊರೈ ಎಂದು ಹೆಸರು. ಇದು ಹೊರದೇಶದಿಂದ ಬಂದ ಗಿಡವಲ್ಲ; ನಮ್ಮ ನಾಡಿನ ಹೊಳೆದಂಡೆ, ಕೆರೆಯಂಚುಗಳಲ್ಲಿಯೇ ಹುಟ್ಟಿ ಬೆಳೆದು ಬಂದುದು. ಇದರ ಎಲೆಗಳು ಬಹಳ ಚಿಕ್ಕವು. ಹಲವು ದಂಟುಗಳಲ್ಲಿ ಬುಡದ ಒರೆ ಮಾತ್ರ ಇರುತ್ತದೆ. ಎಲೆ ಮಾಡಬೇಕಾದ ಅಡುಗೆಯ ಕೆಲಸವನ್ನು ಹಸುರಾದ ದಂಟೇ ಮಾಡುತ್ತದೆ. ತುದಿಯಲ್ಲಿ ಕೊಡೆಯ ಕಡ್ಡಿಗಳಂತೆ ಹರಡಿದ ಕಂದು ಬಣ್ಣದ ಹೂಗೊಂಚಲಿರುತ್ತದೆ. ಮಣ್ಣಿನೊಳಗೆ ಬೆರಳು ಗಾತ್ರದ ಬೇರುಕಾಂಡ ಅಡ್ಡಡ್ಡಲಾಗಿ ಹರಿದು, ಅಲ್ಲಲ್ಲಿ ಹೊಸ ದಂಟುಗಳನ್ನು ಮೇಲಕ್ಕೆ ಕಳುಹಿಸುತ್ತದೆ.

ನೆರೆಯ ಭಾಷೆಗಳಲ್ಲಿ ಇದರ ಹೆಸರು

ನಾವು ಮನೆಯಲ್ಲಿ ಜೇಕು, ಜೊಂಡು ಎನ್ನುತ್ತೇವೆ. ಪಂಚಾಯಿತಿಯಲ್ಲಿ, ಕಛೇರಿಯಲ್ಲಿ ಬೇರೆ ಭಾಷೆಯಲ್ಲಿ ಮಾತಾಡಬೇಕಾದವರಿಗೆ ಆ ಭಾಷೆಯ ಹೆಸರೂ ಗೊತ್ತಿರುವುದು ಲೇಸು. ಹೊಸೂರು, ತಾಳವಾಡಿಯವರು ಕೋರೈ ಎಂದರೆ ತಮಿಳರಿಗೆ ತಿಳಿಯುತ್ತದೆ. ಮಡಕಶಿರ, ರಾಯದುರ್ಗ, ಆದೋನಿಯ ಕಡೆ ತೆಲುಗಿನಲ್ಲಿ ಅದು ತುಂಗ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಮರಾಠಿಯಲ್ಲಿ ಲವ್ಹಾಳ; ಮಹಾಪೂರದಲ್ಲಿ ಬಾಗಿ ಬದುಕುವ ಈ ಗಿಡದ ಹೋಲಿಕೆಯನ್ನು ಆ ಕಡೆಯ ವಾಚಕರು ಮರಾಠಿ ಭಜನೆಗಳಲ್ಲಿ ಕೇಳಿಯೇ ಇರುತ್ತಾರೆ. ಕಾಸರಗೋಡು, ವಯನಾಡಿನ ಮಲೆಯಾಳದಲ್ಲಿ ಚಾಪೆಯ ಜೇಕು ಕೋರಪ್ಪುಲ್ಲು. ಗಡ್ಡೆ ಕಟ್ಟುವ ಜೇಕು ಮುತ್ತಂಗ. ಈ ಹೆಸರುಗಳೆಲ್ಲ ನಮ್ಮ ಜೇಕು ಎಂಬ ಮಾತಿನಂತೆಯೇ ಒಂದೇ ಜಾತಿಗಲ್ಲ, ಹತ್ತಾರು ಜಾತಿಗಳಿಗೆ ಒಟ್ಟಾಗಿ ಸಲ್ಲುತ್ತವೆ ಎಂಬುದನ್ನು ನೆನಪಿನಲ್ಲಿಡಬೇಕು.

ಕೆಸರಿನಲ್ಲಿ ಉಸಿರಾಟ

ತೊಗರಿ, ನೆಲಗಡಲೆ, ಮೆಣಸಿನ ಗಿಡಗಳ ಬುಡದಲ್ಲಿ ನಾಲ್ಕು ದಿನ ನೀರು ನಿಂತರೆ ಅವು ಬಾಡುತ್ತವೆ. ನೀರು ಹೆಚ್ಚಾಗಿ ಬಾಡುವುದೆಂದರೆ ವಿಚಿತ್ರವಾಗಿ ತೋರಬಹುದು. ಬೇರುಗಳಿಗೂ ಉಸಿರು ಬೇಕು. ನೀರು ತುಂಬಿದ ಮಣ್ಣಿನಲ್ಲಿ ಗಾಳಿಯಿಲ್ಲ. ಹಾಗಾದರೆ ವರ್ಷದ ಆರು ತಿಂಗಳು ಕೆಸರಿನಲ್ಲಿ ನಿಲ್ಲುವ ಜೇಕು ಬದುಕುವುದು ಹೇಗೆ?

ಒಂದು ದಂಟನ್ನು ಅಡ್ಡವಾಗಿ ಕತ್ತರಿಸಿ ಬಿಸಿಲಿಗೆ ಹಿಡಿದು ನೋಡಿ. ತಿರುಳಿನಲ್ಲಿ ಜೇನುಹುಟ್ಟಿನಂತೆ ಸಣ್ಣ ಸಣ್ಣ ಗೂಡುಗಳು ಕಾಣುತ್ತವೆ. ಇವೇ ಗಾಳಿಯ ಕೊಳವೆಗಳು. ನೀರಿನ ಮೇಲಿರುವ ದಂಟು ಒಳಗೆಳೆದ ಗಾಳಿ ಈ ದಾರಿಯಲ್ಲಿ ಕೆಳಗಿಳಿದು ಬೇರುಕಾಂಡಕ್ಕೂ ಬೇರಿನ ತುದಿಗೂ ಮುಟ್ಟುತ್ತದೆ. ಹೀಗೆ ಇಳಿದ ಗಾಳಿಯಲ್ಲಿ ಸ್ವಲ್ಪಾಂಶ ಬೇರಿನಿಂದ ಹೊರಕ್ಕೂ ಸೋರುತ್ತದೆ. ಇದಕ್ಕೆ ಸಾಕ್ಷಿ ಬೇಕಾದರೆ ಒಂದು ಬುಡವನ್ನು ಕೆಸರಿನಿಂದ ಕಿತ್ತು ಮೆಲ್ಲಗೆ ತೊಳೆಯಿರಿ. ಸುತ್ತಲಿನ ಕೆಸರು ಕಪ್ಪಗಿದ್ದರೂ ಅನೇಕ ವೇಳೆ ಬೇರಿನ ಮೈಗೆ ತುಕ್ಕಿನ ಬಣ್ಣದ ಲೇಪ ಹತ್ತಿರುತ್ತದೆ. ಕೆಸರಿನಲ್ಲಿ ಕರಗಿರುವ ಕಬ್ಬಿಣದಂಶಕ್ಕೆ ಬೇರಿನಿಂದ ಸೋರಿದ ಪ್ರಾಣವಾಯು ತಗುಲಿ, ಬಯಲಲ್ಲಿ ಬಿಟ್ಟ ಗುದ್ದಲಿಗೆ ತುಕ್ಕು ಹಿಡಿಯುವಂತೆ, ಅಲ್ಲಿಯೂ ತುಕ್ಕು ಹಿಡಿದಿದೆ.

ಈ ಒಂದು ಸಂಗತಿಯನ್ನು ಚೆನ್ನಾಗಿ ಗ್ರಹಿಸಬೇಕು. ಮುಂದೆ ಹೇಳುವ ನೀರಿನ ಶುದ್ಧಿಗೂ, ಜೇಕನ್ನು ಹೇಗೆ ಕೊಯ್ಯಬೇಕೆಂಬ ವಿಚಾರಕ್ಕೂ ಇದೇ ಆಧಾರ.

ಹೂಳಿಗೆ ತಡೆ, ದಡಕ್ಕೆ ಕಾವಲು

ಮಳೆಗಾಲದಲ್ಲಿ ಹೊಲಗಳ ಮೇಲಿನಿಂದ ಹರಿದು ಬರುವ ಕೆಂಪು ನೀರಿನ ಜತೆಗೆ ಮಣ್ಣು ಬರುತ್ತದೆ. ನೀರು ವೇಗವಾಗಿ ಹರಿಯುವ ತನಕ ಮಣ್ಣನ್ನು ಹೊತ್ತುಕೊಂಡೇ ಇರುತ್ತದೆ. ವೇಗ ಕುಗ್ಗಿದಲ್ಲಿ ಇಳಿಸುತ್ತದೆ. ಕೆರೆಗೆ ನೀರು ಬಂದು ಸೇರುವ ಬಾಯಿಯಲ್ಲಿ ಜೇಕಿನ ಒತ್ತಾದ ಪಟ್ಟಿಯಿದ್ದರೆ ಸಾವಿರಾರು ದಂಟುಗಳ ನಡುವೆ ನುಸುಳುವಾಗ ನೀರಿನ ಓಟ ತಗ್ಗುತ್ತದೆ. ಮಣ್ಣಿನ ಹೆಚ್ಚಿನ ಪಾಲು ಅಲ್ಲಿಯೇ ನಿಲ್ಲುತ್ತದೆ. ತಿಳಿಯಾದ ನೀರು ಮುಂದಕ್ಕೆ ಹೋಗುತ್ತದೆ. ಪಟ್ಟಿಯನ್ನು ಕೆರೆದು ಹಾಕಿದರೆ ಅದೇ ಮಣ್ಣು ನೇರವಾಗಿ ಕೆರೆಯ ಹೊಟ್ಟೆಗೆ, ತೂಬಿನ ಕಡೆಗೆ ಸಾಗುತ್ತದೆ. ಅಂದರೆ ಹೂಳೆತ್ತುವ ಭರದಲ್ಲಿ ಹೂಳನ್ನು ತಡೆಯುತ್ತಿದ್ದುದನ್ನೇ ತೆಗೆದಂತಾಯಿತು.

ದಡದ ವಿಷಯದಲ್ಲಿಯೂ ಹೀಗೆಯೇ. ತುಂಬಿದ ಕೆರೆಯಲ್ಲಿ ಗಾಳಿಗೆ ಏಳುವ ತೆರೆ ಹಗಲಿರುಳು ದಡವನ್ನು ಬಡಿದು ಮಣ್ಣನ್ನು ಕೊರೆಯುತ್ತದೆ. ಜೇಕಿನ ದಂಟುಗಳು ತೆರೆಯ ಪೆಟ್ಟನ್ನು ತಾವು ತಿಂದು ಬಾಗಿ ಏಳುತ್ತವೆ. ಅಡಿಯಲ್ಲಿ ಬೇರುಕಾಂಡಗಳ ಜಾಲ ಚಾಪೆಯಂತೆಯೇ ಹೆಣೆದುಕೊಂಡು ಮಣ್ಣನ್ನು ಹಿಡಿದಿರುತ್ತದೆ.

ನೀರನ್ನು ಶುದ್ಧಿ ಮಾಡುವ ಬಗೆ

ಈಗ ಹೊಲಕ್ಕೆ ಹಾಕಿದ ಯೂರಿಯಾ, ಡಿಎಪಿಗಳಲ್ಲಿ ಒಂದಂಶ ಮಳೆನೀರಿನೊಡನೆ ಕೆರೆಗೆ ಬರುತ್ತದೆ. ಊರು ಬೆಳೆದಲ್ಲಿ ಬಚ್ಚಲ ನೀರೂ ಬರುತ್ತದೆ. ಸಾರಜನಕ, ರಂಜಕ ಎರಡೂ ಬೆಳೆಗೆ ಆಹಾರ; ಆದರೆ ನಿಂತ ನೀರಿನಲ್ಲಿ ಅವು ಹೆಚ್ಚಿದರೆ ಪಾಚಿ ಏಳುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿರುವ ಪ್ರಾಣವಾಯು ಖರ್ಚಾಗಿ ಬೆಳಗಿನ ಜಾವಕ್ಕೆ ಮೀನುಗಳು ತೇಲುತ್ತವೆ.

ಜೇಕಿನ ಪಟ್ಟಿ ಇಲ್ಲಿ ಎರಡು ಬಗೆಯಲ್ಲಿ ನೆರವಾಗುತ್ತದೆ. ಒಂದು, ತಾನು ಬೆಳೆಯಲು ಬೇಕಾದ ಸಾರಜನಕ ರಂಜಕಗಳನ್ನು ಅದೇ ನೀರಿನಿಂದ, ಕೆಸರಿನಿಂದ ಹೀರುತ್ತದೆ. ಎರಡು, ಅದರ ಬೇರಿನ ಸುತ್ತ ಗಾಳಿ ಸೋರುವ ಜಾಗದಲ್ಲಿ ಒಂದು ಬಗೆಯ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆ. ಅಲ್ಲಿಂದ ಕೂದಲೆಳೆಯಷ್ಟು ಆಚೆಗೆ ಗಾಳಿಯಿಲ್ಲದ ಕಪ್ಪು ಕೆಸರಿನಲ್ಲಿ ಇನ್ನೊಂದು ಬಗೆಯ ಜೀವಿಗಳು ಆ ನೈಟ್ರೇಟನ್ನು ಒಡೆದು ಸಾರಜನಕವನ್ನು ಆಕಾಶಕ್ಕೆ ಬಿಟ್ಟುಬಿಡುತ್ತವೆ. ಗಾಳಿಯುಳ್ಳ ಮಣ್ಣು ಮತ್ತು ಗಾಳಿಯಿಲ್ಲದ ಮಣ್ಣು ಇಷ್ಟು ಹತ್ತಿರದಲ್ಲಿ ಇರುವುದರಿಂದಲೇ ಈ ಕೆಲಸ ನಡೆಯುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳುಂಟು. ಜೇಕು ಹೀರಿದ ರಂಜಕ ದಂಟಿನಲ್ಲಿಯೇ ಇರುತ್ತದೆ. ದಂಟು ಅಲ್ಲಿಯೇ ಒಣಗಿ ಕೊಳೆತರೆ ಅದು ಮರಳಿ ನೀರಿಗೆ ಸೇರುತ್ತದೆ. ಆದುದರಿಂದ ಕೊಯ್ದು ಹೊರಕ್ಕೆ ಸಾಗಿಸಿದರೆ ಮಾತ್ರ ಲಾಭ. ಇನ್ನೊಂದು, ಕಾರ್ಖಾನೆಯ ವಿಷವಸ್ತುಗಳನ್ನು ಜೇಕು ತೊಳೆದುಬಿಡುತ್ತದೆಂದು ನಂಬಿ ಕೂರಬಾರದು. ಅಂಥದನ್ನು ಕೆರೆಗೆ ಬರುವ ಮೊದಲೇ ತಡೆಯತಕ್ಕದ್ದು.

ಯಾರು ಯಾರಿಗೆ ಮನೆ?

ಜೇಕಿನ ಪಟ್ಟಿಯಲ್ಲಿ ಒಂದು ಮುಂಜಾನೆ ಸದ್ದಿಲ್ಲದೆ ಕುಳಿತರೆ ಅಲ್ಲಿನ ಸಂಸಾರ ಕಾಣುತ್ತದೆ. ನೇರಳೆ ಮೈಯ, ಕೆಂಪು ಕೊಕ್ಕಿನ ಜೌಗುಕೋಳಿ ದಂಟುಗಳನ್ನು ಬಗ್ಗಿಸಿ ಗೂಡು ಮಾಡುತ್ತದೆ. ಎಳೆಯ ಬುಡಗಳನ್ನು ಕಾಲಲ್ಲಿ ಹಿಡಿದು ತಿನ್ನುತ್ತದೆ. ಹಣೆಯಲ್ಲಿ ಬಿಳಿ ಗುರುತುಳ್ಳ ನಾಮದ ಕೋಳಿಗೂ ಇಲ್ಲಿಯೇ ಮರೆ. ಚಳಿಗಾಲದಲ್ಲಿ ಉತ್ತರದಿಂದ ಬರುವ ಸೂಜಿಬಾಲದ ಬಾತು ಮುಂತಾದ ಹಕ್ಕಿಗಳು ಕೆಸರಿಗೆ ಉದುರಿದ ಜೇಕಿನ ಬೀಜವನ್ನು ಸೋಸಿ ತಿನ್ನುತ್ತವೆ. ಆಳವಿಲ್ಲದ ಬೆಚ್ಚನೆಯ ನೀರಿನಲ್ಲಿ ದಂಟುಗಳ ನಡುವೆ ಮೀನಿನ ಮರಿಗಳು ದೊಡ್ಡ ಮೀನುಗಳ ಬಾಯಿಗೆ ಸಿಗದೆ ಬೆಳೆಯುತ್ತವೆ. ಕೊರಮೀನು ಇಂಥ ಜೊಂಡಿನ ನಡುವೆಯೇ ಸ್ಥಳ ಬಿಡಿಸಿಕೊಂಡು ಮೊಟ್ಟೆಯಿಟ್ಟು ಮರಿಗಳನ್ನು ಕಾಯುತ್ತದೆ.

ರೈತನಿಗೆ ನೇರವಾಗಿ ಉಪಕಾರವಾಗುವ ಇನ್ನೊಂದು ಸಂಗತಿಯುಂಟು. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನಲ್ಲಿ ಬೆಳೆಯುತ್ತದೆ. ಸೊಳ್ಳೆಯ ಮರಿಗಳನ್ನು ಹಿಡಿದು ತಿನ್ನುತ್ತದೆ. ಬೆಳೆದು ರೆಕ್ಕೆ ಮೂಡುವ ಸಮಯಕ್ಕೆ ಅದು ನೀರಿನಿಂದ ಮೇಲೇರಲು ಒಂದು ಆಸರೆ ಬೇಕು. ಜೇಕಿನ ದಂಟನ್ನೇರಿ, ಹಳೆಯ ಚರ್ಮವನ್ನು ಅಲ್ಲಿಯೇ ಬಿಟ್ಟು ಹಾರಿಹೋಗುತ್ತದೆ. ದಂಟಿಗಂಟಿದ ಆ ಒಣ ಚರ್ಮಗಳನ್ನು ಹುಡುಕಿದರೆ ನಿಮಗೂ ಸಿಗುತ್ತವೆ. ಹಾರಿದ ಮೇಲೆ ಅದು ಅಚ್ಚುಕಟ್ಟಿನ ಗದ್ದೆಗಳ ಮೇಲೆ ಸುಳಿದಾಡಿ ಜಿಗಿಹುಳು, ಸಣ್ಣ ಪತಂಗಗಳನ್ನು ಹಿಡಿಯುತ್ತದೆ. ಕಪ್ಪೆಗಳ ಕೆಲಸವೂ ಇಂಥದೇ.

ನಮ್ಮ ನಾಡಿನಲ್ಲಿ ಇಂಥ ಕೆರೆಗಳಿಗೆ ಜಗತ್ತಿನ ಗೌರವ ಸಂದಿರುವುದನ್ನೂ ಹೇಳಬೇಕು. ಜೌಗುನೆಲಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸಾರ್ ಎಂಬ ಊರಿನಲ್ಲಿ ರಾಷ್ಟ್ರಗಳ ಒಡಂಬಡಿಕೆಯಾಯಿತು. ಗದಗ ಜಿಲ್ಲೆಯ ಮಾಗಡಿ ಕೆರೆಯೂ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ 2024ರಲ್ಲಿ ಅದರ ಪಟ್ಟಿಗೆ ಸೇರಿದವು. ಎರಡೂ ಊರಿನವರು ನೀರಾವರಿಗೆಂದು ಉಪಯೋಗಿಸುತ್ತ ಬಂದ ಕೆರೆಗಳೇ.

ನೀಲಗಿರಿಯ ಜೌಗಿನ ಕಥೆ

ನೀಲಗಿರಿಯ ನಮ್ಮ ವಾಚಕರು ಬೆಟ್ಟಗಳ ನಡುವಣ ತಗ್ಗುಗಳಲ್ಲಿ ಕಾಲಿಟ್ಟರೆ ಮೆತ್ತಗೆ ಕುಸಿಯುವ ಕಪ್ಪು ನೆಲವನ್ನು ಬಲ್ಲರು. ಅಲ್ಲಿ ಜೇಕಿನ ಕುಟುಂಬದ ಗಿಡಗಳೂ ಹುಲ್ಲುಗಳೂ ಸಾವಿರಾರು ವರ್ಷಗಳಿಂದ ಬೆಳೆದು, ಸತ್ತು, ಗಾಳಿಯಿಲ್ಲದ ತಣ್ಣೀರಿನಲ್ಲಿ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಅವರ ಸಹೋದ್ಯೋಗಿಗಳು ಈ ಪದರಗಳನ್ನು ತೆಗೆದು ಪರೀಕ್ಷಿಸಿ, ಕಳೆದ ಸುಮಾರು 20,000 ವರ್ಷಗಳಲ್ಲಿ ದಕ್ಷಿಣ ಭಾರತದ ಮಳೆ ಯಾವಾಗ ಹೆಚ್ಚಿತು, ಯಾವಾಗ ತಗ್ಗಿತು ಎಂಬುದನ್ನು 1993ರಲ್ಲಿ ಪ್ರಕಟಿಸಿದರು. ನಮ್ಮ ಮಳೆಯ ಲೆಕ್ಕದ ಕಡತವನ್ನು ಜೌಗಿನ ಗಿಡಗಳು ಹೀಗೆ ಕಾಪಾಡಿವೆ. ಈ ಕಪ್ಪು ನೆಲ ಬೆಂಡಿನಂತೆ ಮಳೆಯ ನೀರನ್ನು ಹೀರಿಟ್ಟು ಬೇಸಗೆಯಲ್ಲಿ ತೊರೆಗೆ ಬಿಡುತ್ತದೆ. ತರಕಾರಿ ಬೆಳೆಗೆಂದು ಅದಕ್ಕೆ ಚರಂಡಿ ತೋಡಿ ಒಣಗಿಸಿದರೆ ಗಾಳಿ ಹೊಕ್ಕು ಪದರಗಳು ಕೊಳೆಯತೊಡಗುತ್ತವೆ. ಒಮ್ಮೆ ಹೋದುದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮರಳಿ ಬಾರದು.

ಮಿತಿ ಮೀರಿದರೆ? ಭರತಪುರದ ಪಾಠ

ಇಷ್ಟು ಓದಿ, ಹಾಗಾದರೆ ಜೇಕನ್ನು ಮುಟ್ಟಲೇ ಬಾರದೆಂದು ಯಾರೂ ತಿಳಿಯಬಾರದು. ರಾಜಸ್ಥಾನದ ಭರತಪುರದಲ್ಲಿ ಕೇವಲಾದೇವ ಎಂಬ ಪ್ರಸಿದ್ಧವಾದ ಹಕ್ಕಿಗಳ ಜೌಗು ಇದೆ. ಅಲ್ಲಿ ಸುತ್ತಲಿನ ಹಳ್ಳಿಗಳ ಎಮ್ಮೆಗಳು ತಲೆಮಾರುಗಳಿಂದ ಮೇಯುತ್ತಿದ್ದವು. ಹಕ್ಕಿಗಳಿಗೆ ಒಳ್ಳೆಯದಾಗಲೆಂದು 1982ರಲ್ಲಿ ಮೇಯಿಸುವುದನ್ನು ನಿಲ್ಲಿಸಿದರು. ಫಲ ಬೇರೆಯಾಯಿತು. ಮೇಯುವವರಿಲ್ಲದೆ ಒಂದು ಜಾತಿಯ ನೀರುಹುಲ್ಲು ಹಬ್ಬಿ ತಿಳಿನೀರನ್ನೆಲ್ಲ ಮುಚ್ಚಿತು; ಬಾತುಗಳಿಗೆ ಈಜಲು, ಮೇಯಲು ಜಾಗ ಕಡಮೆಯಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು 1980ರ ದಶಕದಲ್ಲಿ ನಡೆಸಿದ ದೀರ್ಘ ಅಧ್ಯಯನದಿಂದ ಈ ಸಂಗತಿ ಹೊರಬಿತ್ತು. ಅದೇ ಜೌಗಿಗೆ ಸೈಬೀರಿಯದಿಂದ ಬರುತ್ತಿದ್ದ ಬಿಳಿ ಕೊಕ್ಕರೆಗಳು ಜೇಕಿನ ಗಡ್ಡೆಗಳನ್ನು ಕೆಸರಿನಿಂದ ಅಗೆದು ತಿನ್ನುತ್ತಿದ್ದವು. 2002ರ ಬಳಿಕ ಅವು ಅಲ್ಲಿ ಕಾಣಿಸಲಿಲ್ಲ. ಅದಕ್ಕೆ ಅವು ಹಾದುಬರುವ ದೂರದ ದೇಶಗಳಲ್ಲಿನ ಬೇಟೆ ಮುಖ್ಯ ಕಾರಣವೆನ್ನುತ್ತಾರೆ.

ಇದರಿಂದ ಕಲಿಯಬೇಕಾದ ಪಾಠವೇನು? ಕೆರೆಯಂಚು ಕಾಡಲ್ಲ, ಹೊಲವೂ ಅಲ್ಲ. ಮನುಷ್ಯ, ದನ, ಹಕ್ಕಿ ಮೂವರ ಉಪಯೋಗದಲ್ಲಿ ಹದಗೊಂಡು ಬಂದ ಜಾಗ. ಪೂರ್ತಿ ಕೆರೆದರೂ ಕೇಡು, ಪೂರ್ತಿ ಬಿಟ್ಟರೂ ಕೇಡು. ಮಿತವಾಗಿ ಕೊಯ್ಯುವುದೇ ಸರಿಯಾದ ಮಾರ್ಗ.

ಗದ್ದೆಯ ಜೇಕು, ಹೊಲದ ಕೊನ್ನಾರಿ

ಕೆರೆಯಂಚಿನಲ್ಲಿ ಜೇಕನ್ನು ಉಳಿಸಿದರೆ ಅದು ಹೊಲಕ್ಕೆ ನುಗ್ಗುವುದಿಲ್ಲವೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಹೊಲದಲ್ಲಿ ಕಾಡುವ ಜೇಕು ಬೇರೆ ಜಾತಿಗಳವು.

ಒಣಭೂಮಿ, ತೋಟಗಳಲ್ಲಿ ಕಾಡುವುದು ಕೊನ್ನಾರಿ, ಅಂದರೆ ತುಂಗೆಗಡ್ಡೆ. ಔಷಧಿಯ ಅಂಗಡಿಯಲ್ಲಿ ಭದ್ರಮುಷ್ಟಿ ಎಂದು ಮಾರುವುದೂ ಇದರ ಗಡ್ಡೆಯನ್ನೇ. ಜಗತ್ತಿನ ಕಳೆಗಳನ್ನು ಕುರಿತು 1977ರಲ್ಲಿ ಹೊರಬಂದ ಒಂದು ಪ್ರಸಿದ್ಧ ಗ್ರಂಥ ಎಲ್ಲಕ್ಕಿಂತ ಕೆಟ್ಟ ಕಳೆಯೆಂದು ಇದಕ್ಕೇ ಮೊದಲ ಸ್ಥಾನ ಕೊಟ್ಟಿತು. ಇದರ ಗಡ್ಡೆಗಳು ನೆಲದೊಳಗೆ ಜಪಸರದಂತೆ ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ. ಹಸಿಯಿದ್ದಾಗ ಉತ್ತರೆ ಸರ ಹರಿದು ಒಂದೊಂದು ಗಡ್ಡೆಯೂ ಬೇರೆ ಬೇರೆ ಮೊಳೆಯುತ್ತದೆ. ಕಳೆ ತೆಗೆದೆವೆಂದುಕೊಂಡು ಬಿತ್ತನೆ ಮಾಡಿದಂತಾಗುತ್ತದೆ. ಕಡುಬೇಸಗೆಯಲ್ಲಿ ಆಳವಾಗಿ ಉತ್ತು ಗಡ್ಡೆಗಳನ್ನು ಮೇಲಕ್ಕೆ ತಂದು ಬಿಸಿಲಿನಲ್ಲಿ ಒಣಗಿಸಿದರೆ ಅವು ಸಾಯುತ್ತವೆ. ಕೆರೆಯ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಮಣ್ಣಿನಲ್ಲಿ ಗಡ್ಡೆಗಳಿವೆಯೇ ನೋಡಿ, ಬೇಸಗೆಯಲ್ಲಿಯೇ ತೆಳುವಾಗಿ ಹರಡಿ ಒಣಗಿಸಿರಿ.

ಭತ್ತದ ಗದ್ದೆಯಲ್ಲಿ ಕಾಣುವ ಸಣ್ಣ ಜೇಕುಗಳು ಹೆಚ್ಚಾಗಿ ಬೀಜದಿಂದ ಹುಟ್ಟಿ ಒಂದೇ ಹಂಗಾಮಿನಲ್ಲಿ ಮುಗಿಯುವವು. ಇವು ಬೇಗನೆ ಹೂವಾಡಿ ಲೆಕ್ಕವಿಲ್ಲದಷ್ಟು ಬೀಜ ಉದುರಿಸುತ್ತವೆ. ನಾಟಿಗೆ ಮೊದಲು ಗದ್ದೆಗೆ ನೀರು ಕಟ್ಟಿ ಮೊಳೆತವನ್ನು ಉತ್ತು ಮುಳುಗಿಸುವುದು, ನಾಟಿಯ ಮೇಲೆ ಹದವಾಗಿ ನೀರು ನಿಲ್ಲಿಸುವುದು, ಹೂವಿಗೆ ಮೊದಲೇ ಕಳೆ ತೆಗೆಯುವುದು ಇವೇ ಉಪಾಯಗಳು. ಚಾಪೆಯ ಜೇಕಿನ ಬುಡ ಸದಾ ಹಸಿಯಿರಬೇಕು. ಅದು ಒಣಹೊಲಕ್ಕೆ ಬಂದು ಕೊನ್ನಾರಿಯಂತೆ ಕಾಡುವ ಗಿಡವಲ್ಲ.

ಚಾಪೆಯ ಕಸಬು

ತಮಿಳುನಾಡಿನ ಕಾವೇರಿ ಬಯಲಲ್ಲಿ, ಕರೂರು, ಮುಸಿರಿಯ ಸುತ್ತ, ಈ ಜೇಕನ್ನು ಭತ್ತದಂತೆಯೇ ಬೆಳೆಯಾಗಿ ಬೆಳೆಯುತ್ತಾರೆ. ಬೇರುಕಾಂಡದ ತುಂಡುಗಳನ್ನು ಒಮ್ಮೆ ನೆಟ್ಟರೆ ಹಲವು ವರ್ಷ ಮತ್ತೆ ಮತ್ತೆ ಕೊಯ್ಲು ಸಿಗುತ್ತದೆ. ತಿರುನೆಲ್ವೇಲಿ ಜಿಲ್ಲೆಯ ಪತ್ತಮಡೈ ಚಾಪೆಗೂ ಪಶ್ಚಿಮ ಬಂಗಾಳದ ಮೇದಿನೀಪುರದ ಮಾದೂರು ಚಾಪೆಗೂ ಬಳಸುವುದು ಇದನ್ನೇ. ಹಸಿ ದಂಟನ್ನು ಉದ್ದಕ್ಕೆ ಸೀಳಿ, ಬೆಂಡಿನಂಥ ತಿರುಳನ್ನು ಕೆರೆದು, ಬಿಸಿಲಿಗೆ ಒಣಗಿಸುತ್ತಾರೆ. ಪತ್ತಮಡೈಯ ನಯವಾದ ಚಾಪೆಗೆ ದಂಟನ್ನು ಹರಿಯುವ ನೀರಿನಲ್ಲಿ ನೆನೆಯಿಟ್ಟು, ಮತ್ತೆ ನವಿರಾಗಿ ಸೀಳಿ, ಹತ್ತಿಯ ನೂಲಿನ ಹಾಸಿಗೆ ಹೆಣೆಯುತ್ತಾರೆ. ಪ್ಲಾಸ್ಟಿಕ್ ಚಾಪೆ ಬಂದ ಮೇಲೆ ನಮ್ಮ ಹಳ್ಳಿಗಳಲ್ಲಿ ಈ ಕಸಬು ಕುಗ್ಗಿದೆ. ಆದರೂ ಕೊಯ್ದ ಜೇಕು ವ್ಯರ್ಥವಲ್ಲ. ಚಾಪೆಗಾಗದ ದಂಟನ್ನು ತೋಟದಲ್ಲಿ ಗಿಡಗಳ ಬುಡಕ್ಕೆ ಹೊದಿಸಬಹುದು, ತಿಪ್ಪೆಗೆ ಹಾಕಬಹುದು. ಕೆರೆಗೆ ಹರಿದುಹೋದ ಗೊಬ್ಬರದ ಒಂದಂಶ ಹೀಗೆ ಮರಳಿ ಹೊಲಕ್ಕೆ ಬಂದಂತಾಗುವುದು.

ಹೂಳೆತ್ತುವಾಗ ಮಾಡತಕ್ಕ ಕೆಲಸಗಳು

1. ಕೆಲಸ ಆರಂಭವಾಗುವ ಮೊದಲೇ ಊರ ಹಿರಿಯರು, ನೀರುಗಂಟಿ, ಮೀನು ಹಿಡಿಯುವವರು, ದನಗಾಹಿಗಳು ಸೇರಿ ಅಂಗಳವನ್ನು ಒಮ್ಮೆ ಸುತ್ತಿ ಬರಬೇಕು. ಎಲ್ಲಿ ಅಗೆಯಬೇಕು, ಎಲ್ಲಿ ಬಿಡಬೇಕು ಎಂಬುದಕ್ಕೆ ಗೂಟ ನೆಟ್ಟು ಗುರುತು ಮಾಡಬೇಕು.

2. ನೀರು ಬರುವ ಬಾಯಿಗಳಲ್ಲಿ ಜೇಕಿನ ಪಟ್ಟಿಯನ್ನು ಉಳಿಸಬೇಕು. ಪಟ್ಟಿಯಲ್ಲಿ ಮಣ್ಣು ತುಂಬಿ ದಿಬ್ಬವಾಗಿದ್ದರೆ ಒಂದು ವರ್ಷ ಅರ್ಧ, ಮರುವರ್ಷ ಉಳಿದರ್ಧ ತೆಗೆಯಬೇಕು.

3. ಏರಿಯ ಮೈಮೇಲೆ, ತೂಬಿನ ಬಳಿ, ಕೋಡಿಯ ಬಾಯಲ್ಲಿ ಜೇಕನ್ನು ಬಿಡಬಾರದು. ಏರಿಯಲ್ಲಿ ಒತ್ತಾಗಿ ಬೆಳೆದರೆ ಏಡಿ, ಇಲಿಗಳ ಬಿಲ ಕಣ್ಣಿಗೆ ಬೀಳುವುದಿಲ್ಲ. ಬಿಲದಿಂದ ಸೋರಿಕೆ ಮೊದಲಾಗಿ ಏರಿಗೇ ಅಪಾಯ. ತೂಬು ಕೋಡಿಗಳಲ್ಲಿ ನೀರಿನ ಹಾದಿಗೆ ತಡೆಯಾಗುತ್ತದೆ.

4. ಪೂರ್ತಿ ಕೆರೆಯಲೇ ಬೇಕಾದಲ್ಲಿ ಮೊದಲು ಕೆಲವು ಗಾಡಿ ಬುಡಗಳನ್ನು ಬೇರುಕಾಂಡ ಸಹಿತ ಕಿತ್ತು ಹಸಿ ನೆರಳಿನಲ್ಲಿಟ್ಟು, ಮುಂಗಾರು ಹಿಡಿದೊಡನೆ ನೀರಿನಂಚಿನಲ್ಲಿ ಮೊಳಕ್ಕೊಂದರಂತೆ ನೆಡಬೇಕು. ಚಿಗುರಿನ ತುದಿ ನೀರಿನ ಮೇಲಿರಬೇಕು. ಮೊದಲ ಹಂಗಾಮಿನಲ್ಲಿ ದನ ತುಳಿಯದಂತೆ ಕಾಯಬೇಕು.

5. ಪ್ರತಿ ವರ್ಷ ಜೇಕನ್ನು ಕೊಯ್ಯಬೇಕು, ಆದರೆ ಒಂದು ಸಲಕ್ಕೆ ಅರ್ಧಕ್ಕಿಂತ ಹೆಚ್ಚು ಬೇಡ. ಹಕ್ಕಿಗಳ ಗೂಡಿನಲ್ಲಿ ಮೊಟ್ಟೆ ಮರಿಗಳಿರುವ ಕಾಲದಲ್ಲಿ ಬೇಡ. ನೀರು ಹಿಂದೆಗೆಯುವ ಮಾಘ, ಫಾಲ್ಗುಣಗಳು ಸೂಕ್ತ.

6. ಕೊಯ್ಯುವಾಗ ನೀರಿನ ಮಟ್ಟದಿಂದ ಒಂದು ಗೇಣು ಮೇಲೆ ಕೊಯ್ಯಬೇಕು. ಉಳಿದ ತುಂಡು ಕೊಳವೆಯಂತೆ ಬೇರಿಗೆ ಗಾಳಿ ಕೊಡುತ್ತಿರುತ್ತದೆ. ನೀರಿನ ಕೆಳಗೆ ಕೊಯ್ದರೆ ಕೊಳವೆಗೆ ನೀರು ನುಗ್ಗಿ ಬುಡ ಉಸಿರು ಕಟ್ಟಿ ಸಾಯುತ್ತದೆ. ಬಚ್ಚಲ ನೀರು ಕುಡಿದು ಕೆರೆಯನ್ನೆಲ್ಲ ಆಕ್ರಮಿಸುವ ಆನೆಜೊಂಡನ್ನು ಹತೋಟಿಗೆ ತರಲು ಇದೇ ಗುಟ್ಟನ್ನು ತಿರುಗಿಸಿ ಉಪಯೋಗಿಸಬಹುದು: ಅದನ್ನು ನೀರಿನ ಕೆಳಗೆ ಕೊಯ್ಯಿರಿ.

7. ಬೆಂಕಿ ಹಚ್ಚಬಾರದು. ಆಮೆ, ಹಕ್ಕಿಯ ಮೊಟ್ಟೆ, ಮಿತ್ರಕೀಟಗಳು ಸುಡುತ್ತವೆ. ಬೂದಿಯಲ್ಲಿರುವ ರಂಜಕ ಮಳೆಗೆ ಮತ್ತೆ ಕೆರೆಗೇ ಇಳಿಯುತ್ತದೆ.

ಕಾಯಿದೆ ಎಷ್ಟು, ಊರು ಎಷ್ಟು

ಜೌಗುನೆಲಗಳ ರಕ್ಷಣೆಗೆ ಕೇಂದ್ರ ಸರಕಾರ 2017ರಲ್ಲಿ ನಿಯಮಗಳನ್ನು ಹೊರಡಿಸಿತು. ಆದರೆ ಕುಡಿಯುವ ನೀರಿಗೆ, ನೀರಾವರಿಗೆ ಎಂದು ಮನುಷ್ಯರೇ ಕಟ್ಟಿದ ಕೆರೆಗಳು ಆ ನಿಯಮಗಳ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ಬಯಲುಸೀಮೆಯ ಕೆರೆಗಳೆಲ್ಲ ಬಹುಪಾಲು ಅಂಥವೇ ಸರಿಯಷ್ಟೆ. ಕೇರಳದಲ್ಲಿ ಮಾತ್ರ ಭತ್ತದ ಗದ್ದೆ ಮತ್ತು ಜೌಗುಗಳನ್ನು ಕಾಪಾಡಲು 2008ರ ಕಾಯಿದೆಯಿದೆ. ಕಾಸರಗೋಡು, ವಯನಾಡಿನವರು ಅದನ್ನು ತಿಳಿದಿರುವುದು ಒಳ್ಳೆಯದು. ಉಳಿದ ಕಡೆ ಕೆರೆಯಂಚಿನ ಒಂದು ಜೇಕಿನ ಪಟ್ಟಿ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ನಿಂತು ಮಾತಾಡುವುದರ ಮೇಲೆ ನಿಂತಿದೆ.

ಮಾತಾಡುವಾಗ ಕನ್ನಡದಲ್ಲಿ ಜೇಕು ಎಂದರೂ ಆದೀತು, ಕೋರೈ ಎಂದರೂ ತುಂಗ ಎಂದರೂ ಆದೀತು. ಕೆರೆಯ ನೀರು ಕುಡಿಯುವ ಗದ್ದೆಗಳಲ್ಲಿ ಎಲ್ಲ ಭಾಷೆಯವರ ಗದ್ದೆಗಳೂ ಇವೆ. ಯಂತ್ರ ಬರುವ ಮುನ್ನ ಗೂಟ ನೆಡುವ ಕೆಲಸವನ್ನು ಅವರೊಡನೆ ಕೂಡಿ ಮಾಡಿರಿ. ಬರುವ ಮಳೆಗಾಲದಲ್ಲಿ ಪಟ್ಟಿಯುಳ್ಳ ಬಾಯಿಯಿಂದ ಒಂದು ಲೋಟ, ಪಟ್ಟಿಯಿಲ್ಲದ ಬಾಯಿಯಿಂದ ಒಂದು ಲೋಟ ನೀರು ತುಂಬಿ ರಾತ್ರಿಯಿಡೀ ಅಲುಗಿಸದೆ ಇಡಿರಿ. ಬೆಳಿಗ್ಗೆ ಲೋಟದ ತಳದಲ್ಲಿ ಕೂತ ಮಣ್ಣನ್ನು ಊರವರಿಗೆಲ್ಲ ತೋರಿಸಿರಿ.